ತೀರದ ಯುದ್ಧನೌಕೆಗಳು: ಮಲ್ಪೆ, ಮುಲ್ಕಿ, ಅಂಜದೀಪ್

1. ಕೆಲಸ: ಕರಾವಳಿಯ ಆಳವಿಲ್ಲದ ನೀರಲ್ಲಿ ಸಬ್‌ಮರೀನ್ ಪತ್ತೆ, ನಾಶ, ಮೈನ್ ಹಾಕುವುದು.

2. ಒಪ್ಪಂದ: ಏಪ್ರಿಲ್ 2019. ಒಟ್ಟು 16 (ಕೋಲ್ಕತ್ತದ ಜಿಆರ್‌ಎಸ್‌ಇ 8, ಕೊಚ್ಚಿನ್ ಶಿಪ್‌ಯಾರ್ಡ್ 8). ಹಳೆಯ ಅಭಯ್ ವರ್ಗಕ್ಕೆ ಬದಲಿ.

3. ಎರಡು ವರ್ಗಗಳ ಮೊದಲ ನೌಕೆಗಳು (ಸೇವೆಗೆ ಸೇರಿದ ದಿನ, ಸ್ಥಳ)
- ಐಎನ್‌ಎಸ್ ಅರ್ನಾಳಾ (ಜಿಆರ್‌ಎಸ್‌ಇ): 18 ಜೂನ್ 2025, ವಿಶಾಖಪಟ್ಟಣ
- ಐಎನ್‌ಎಸ್ ಮಾಹೆ (ಕೊಚ್ಚಿ): 24 ನವೆಂಬರ್ 2025, ಮುಂಬೈ, ಉದ್ದ 78 ಮೀ., ವೇಗ 25 ನಾಟ್

4. ಚಾಲನೆ: ಡೀಸೆಲ್ ಎಂಜಿನ್, ವಾಟರ್‌ಜೆಟ್. ತಳದಿಂದ ನೀರು ಹೀರಿ ಹಿಂದಕ್ಕೆ ರಭಸವಾಗಿ ಚಿಮ್ಮಿಸುತ್ತದೆ. ಹೊರಚಾಚಿದ ಪ್ರೊಪೆಲರ್ ಇಲ್ಲದ್ದರಿಂದ ನೆಲ ತಾಗುವ ಭಯ ಕಡಿಮೆ. ವಿವರಣಾತ್ಮಕ ಪ್ರಶ್ನೆಗೆ ಇದೇ ತಿರುಳು.

5. ಮಲ್ಪೆ (ಉಡುಪಿ), ಮುಲ್ಕಿ (ದಕ್ಷಿಣ ಕನ್ನಡ): ಮಾಹೆ ವರ್ಗ, 9 ಸೆಪ್ಟೆಂಬರ್ 2024ರಂದು ಕೊಚ್ಚಿಯಲ್ಲಿ ನೀರಿಗಿಳಿದವು. ಕುದುರೆಮುಖ, ಕಳಸದ ಅಭ್ಯರ್ಥಿಗಳು ನಕ್ಷೆಯಲ್ಲಿ ಹೀಗೆ ಹಿಡಿಯಿರಿ: ಕುದುರೆಮುಖ ಗಣಿಯ ಅದಿರು ಕೊಳವೆಯಲ್ಲಿ ಇಳಿಯುತ್ತಿದ್ದ ಪಣಂಬೂರು, ಅದರ ಉತ್ತರಕ್ಕೆ ಮುಲ್ಕಿ, ಇನ್ನೂ ಮೇಲೆ ಮಲ್ಪೆ.

ಎಡವುವ ಜಾಗ
- ನೀರಿಗಿಳಿಸುವುದು ಬೇರೆ, ಸೇವೆಗೆ ಸೇರ್ಪಡೆ ಬೇರೆ. ‘ಐಎನ್‌ಎಸ್’ ಸೇರ್ಪಡೆಯ ನಂತರವೇ.
- ಅಂಜದೀಪ್ ಅರ್ನಾಳಾ ವರ್ಗ, ಮಾಹೆ ಅಲ್ಲ. ಅದೇ ಹೆಸರಿನ ದ್ವೀಪ ಕಾರವಾರದ ಎದುರಿಗಿದ್ದರೂ ಆಡಳಿತ ಗೋವಾದ್ದು. ಪ್ರಶ್ನೆ ತೆಗೆಯುವವರಿಗೆ ಇದು ಬಲು ಇಷ್ಟ.
- ಐಎನ್‌ಎಸ್ ಕದಂಬ ಹಡಗಲ್ಲ, ಕಾರವಾರದ ನೌಕಾನೆಲೆ (2005).
- ಅಮೆರಿಕದ ತೀರಯುದ್ಧ ನೌಕೆಗಳು: ಫ್ರೀಡಂ ಒಂದೇ ಒಡಲು, ಇಂಡಿಪೆಂಡೆನ್ಸ್ ಮೂರು ಒಡಲು.