ಗ್ರಾಮದ ಸಾರ್ವಜನಿಕ ಕಟ್ಟಡಗಳಲ್ಲಿ ಅಗ್ನಿ ಸುರಕ್ಷತೆ: ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಪೀಠಿಕೆ

ಅಗ್ನಿ ಸುರಕ್ಷತೆಯೆಂದರೆ ನಗರದ ಬಹುಮಹಡಿ ಕಟ್ಟಡಗಳಿಗೆ ಸಂಬಂಧಿಸಿದ ವಿಷಯವೆಂಬ ಭಾವನೆ ಗ್ರಾಮಾಂತರ ಪ್ರದೇಶದಲ್ಲಿ ವ್ಯಾಪಕವಾಗಿದೆ. ಆದರೆ ಭಾರತದಲ್ಲಿ ಅತಿ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಂಡ ಅಗ್ನಿ ದುರಂತಗಳು ಎತ್ತರದ ಕಟ್ಟಡಗಳಲ್ಲಿ ಸಂಭವಿಸಿದವುಗಳಲ್ಲ. ಅವು ಸಂಭವಿಸಿದ್ದು ಶಾಲೆ, ಕಲ್ಯಾಣ ಮಂಟಪ ಹಾಗೂ ಡೇರೆಗಳಲ್ಲಿ. ಅಂದರೆ ಪ್ರತಿ ಗ್ರಾಮದಲ್ಲಿಯೂ ಇರುವಂತಹ ಅಥವಾ ಹಬ್ಬ ಜಾತ್ರೆಗಳಲ್ಲಿ ತಲೆ ಎತ್ತುವಂತಹ ಸ್ಥಳಗಳಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಹಾಗೂ ಅದಕ್ಕಿಂತ ಹೆಚ್ಚು ಎತ್ತರದ ಕಟ್ಟಡಗಳನ್ನು ಬಹುಮಹಡಿ ಕಟ್ಟಡಗಳೆಂದು ಪರಿಗಣಿಸಿ ಅವುಗಳಿಗೆ ವಿಶೇಷ ನಿಬಂಧನೆಗಳನ್ನು ವಿಧಿಸಿದೆ. ಗ್ರಾಮದ ಅಂಗನವಾಡಿ, ಶಾಲೆ, ಸಮುದಾಯ ಭವನಗಳು ಈ ಎತ್ತರವನ್ನು ಮುಟ್ಟುವುದಿಲ್ಲ. ಆದುದರಿಂದ ಅವುಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಮೊದಲ ಕಣ್ಣು ಗ್ರಾಮ ಪಂಚಾಯಿತಿಯದೇ ಆಗಿರುತ್ತದೆ.

ಮೂರು ದುರಂತಗಳು ಕಲಿಸುವ ಪಾಠ

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ತಗುಲಿ 92 ಜನ ಮೃತಪಟ್ಟರು. ಅವರಲ್ಲಿ ಬಹುಪಾಲು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವ ನಡೆಯುತ್ತಿದ್ದ ಶಾಮಿಯಾನಕ್ಕೆ ಬೆಂಕಿ ಹತ್ತಿ 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸಂಶ್ಲೇಷಿತ ಬಟ್ಟೆ ಉರಿದು ಕರಗಿ ಜನರ ಮೇಲೆ ಸುರಿಯಿತು. ಹೊರಹೋಗುವ ದಾರಿ ಜನಸಂದಣಿಗೆ ಸಾಲದಾಯಿತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಗರಿಯ ಚಾವಣಿಗೆ ತಗುಲಿ ತರಗತಿಗಳಿಗೆ ವ್ಯಾಪಿಸಿತು. ಮೆಟ್ಟಿಲು ಇಕ್ಕಟ್ಟಾಗಿತ್ತು. 94 ಮಕ್ಕಳು ಅಸುನೀಗಿದರು.

ಈ ಮೂರೂ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಬೆಂಕಿ ಹುಟ್ಟಿದ ಕಾರಣಗಳು ಬೇರೆಯಾಗಿದ್ದರೂ ಸಾವಿನ ಸಂಖ್ಯೆಯನ್ನು ಹೆಚ್ಚಿಸಿದ ಕಾರಣಗಳು ಒಂದೇ ಬಗೆಯವು: ಸುಲಭವಾಗಿ ಉರಿಯುವ ಹೊದಿಕೆ ಮತ್ತು ಸಾಕಷ್ಟಿಲ್ಲದ ನಿರ್ಗಮನ ಮಾರ್ಗ. ಇವೆರಡೂ ಕಟ್ಟಡ ಕಟ್ಟುವಾಗ ಅಥವಾ ಅನುಮತಿ ನೀಡುವಾಗಲೇ ನಿರ್ಧಾರವಾಗುವ ಸಂಗತಿಗಳು.

ಕಾನೂನಿನ ನೆಲೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರ ಅನ್ವಯ ಕಟ್ಟಡ ನಿರ್ಮಾಣಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಅಗತ್ಯ. ಅನುಮತಿಯೆಂದರೆ ಶುಲ್ಕ ವಸೂಲಿಯ ರಸೀದಿಯಷ್ಟೇ ಅಲ್ಲ. ನಕ್ಷೆಯನ್ನು ಪರಿಶೀಲಿಸುವ ಹೊಣೆಯೂ ಅದರೊಡನೆ ಬರುತ್ತದೆ. ಕುಂಭಕೋಣಂ ದುರಂತದ ಹಿನ್ನೆಲೆಯಲ್ಲಿ ಸಲ್ಲಿಸಲಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್ 13ರಂದು ತೀರ್ಪು ನೀಡಿ, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಮಕ್ಕಳ ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿದೆ. ಅಗ್ನಿನಂದಕಗಳನ್ನು ಅಳವಡಿಸುವುದು, ಸಿಬ್ಬಂದಿಗೆ ತರಬೇತಿ ನೀಡುವುದು, ಬೆಂಕಿ ಬಳಸುವ ಅಡುಗೆ ಮುಂತಾದ ಕಾರ್ಯಗಳನ್ನು ಮುಖ್ಯ ಕಟ್ಟಡದಿಂದ ದೂರದಲ್ಲಿ ನಡೆಸುವುದು ಅದರ ನಿರ್ದೇಶನಗಳಲ್ಲಿ ಸೇರಿವೆ.

ನಿರ್ಗಮನ ದ್ವಾರದ ಲೆಕ್ಕ

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗವು ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲಾಗಿದೆ. ಅದರ ಪ್ರಕಾರ ಆಸನಗಳಿರುವ ಸಭಾಂಗಣದಲ್ಲಿ ಪ್ರತಿ ವ್ಯಕ್ತಿಗೆ 0.6 ಚದರ ಮೀಟರ್‌ನಂತೆ ಜನಸಂಖ್ಯೆಯನ್ನು ಲೆಕ್ಕ ಹಾಕಬೇಕು. ಸಮತಟ್ಟಾದ ನಿರ್ಗಮನ ಮಾರ್ಗಕ್ಕೆ ಪ್ರತಿ ವ್ಯಕ್ತಿಗೆ 6.5 ಮಿಲಿಮೀಟರ್, ಮೆಟ್ಟಿಲುಗಳಿಗೆ 10 ಮಿಲಿಮೀಟರ್ ಅಗಲ ಬೇಕು.

ಉದಾಹರಣೆಗೆ, 15 ಮೀಟರ್ ಉದ್ದ, 12 ಮೀಟರ್ ಅಗಲದ ಸಮುದಾಯ ಭವನವೊಂದನ್ನು ಪರಿಗಣಿಸಬಹುದು. ಅದರ ವಿಸ್ತೀರ್ಣ 180 ಚದರ ಮೀಟರ್. 0.6ರಿಂದ ಭಾಗಿಸಿದರೆ 300 ಜನ. 300 ಜನರಿಗೆ 6.5 ಮಿಲಿಮೀಟರ್‌ನಂತೆ ಬೇಕಾಗುವ ಬಾಗಿಲಿನ ಅಗಲ 1950 ಮಿಲಿಮೀಟರ್, ಅಂದರೆ ಸುಮಾರು 2 ಮೀಟರ್.

ಈ ಲೆಕ್ಕವನ್ನು ನೋಡಿ 2 ಮೀಟರ್ ಅಗಲದ ಒಂದೇ ಬಾಗಿಲು ಸಾಕೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಬೆಂಕಿ ಆ ಬಾಗಿಲ ಬಳಿಯೇ ಹೊತ್ತಿಕೊಂಡರೆ 300 ಜನರಿಗೂ ದಾರಿಯಿಲ್ಲದಂತಾಗುತ್ತದೆ. ಆದ್ದರಿಂದ ಜನ ಸೇರುವ ಭವನಕ್ಕೆ ಕನಿಷ್ಠ ಎರಡು ನಿರ್ಗಮನಗಳು ಇರಬೇಕು ಮತ್ತು ಅವು ಒಂದಕ್ಕೊಂದು ದೂರದಲ್ಲಿರಬೇಕು. ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಇಟ್ಟ ಎರಡು ಬಾಗಿಲುಗಳು ಸುರಕ್ಷತೆಯ ದೃಷ್ಟಿಯಿಂದ ಒಂದೇ ಬಾಗಿಲಿಗೆ ಸಮ.

ಎರಡನೆಯದಾಗಿ, ನಕ್ಷೆಯಲ್ಲಿರುವ ಬಾಗಿಲು ಬೇರೆ, ಬಳಕೆಯಲ್ಲಿರುವ ಬಾಗಿಲು ಬೇರೆ. 1200 ಮಿಲಿಮೀಟರ್ ಅಗಲದ ಜೋಡಿ ಬಾಗಿಲಿನ ಒಂದು ರೆಕ್ಕೆಗೆ ಅಗಳಿ ಹಾಕಿ ಇನ್ನೊಂದನ್ನು ಮಾತ್ರ ತೆರೆದಿಟ್ಟರೆ ಉಳಿಯುವುದು 600 ಮಿಲಿಮೀಟರ್. ಅದು ಲೆಕ್ಕದ ಪ್ರಕಾರ 92 ಜನರಿಗೆ ಮಾತ್ರ ಸಾಕು. ಅದೇ ಭವನದಲ್ಲಿ 300 ಜನ ಮದುವೆಯ ಮುಹೂರ್ತಕ್ಕೆ ಕುಳಿತಿರುತ್ತಾರೆ.

ಮೂರನೆಯದಾಗಿ, ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಒಳಕ್ಕೆ ತೆರೆಯುವ ಬಾಗಿಲಿನ ಮೇಲೆ ಹಿಂದಿನಿಂದ ಜನ ಒತ್ತಿದರೆ ಮುಂದೆ ನಿಂತವರು ಅದನ್ನು ಎಳೆದು ತೆರೆಯಲಾರರು. ಹೊಸ ಕಟ್ಟಡದಲ್ಲಿ ಕೀಲುಗಳನ್ನು ಹೊರಮುಖವಾಗಿ ಕೂರಿಸಲು ಹೇಳಿಕೊಳ್ಳುವಂತಹ ಹೆಚ್ಚಿನ ವೆಚ್ಚ ತಗಲುವುದಿಲ್ಲ. ಅಂದಾಜು ಪಟ್ಟಿ ತಯಾರಾಗುವ ಹಂತದಲ್ಲಿಯೇ ಅಭಿಯಂತರರಿಗೆ ಸೂಚಿಸಿದರೆ ಸಾಕು.

ಕಳ್ಳತನದ ಭಯ ಮತ್ತು ಬೆಂಕಿಯ ಭಯ

ಸಭೆಗಳಲ್ಲಿ ಈ ವಿಷಯ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಣೆಯೊಂದಿದೆ. ಹಿಂಬಾಗಿಲಿಗೆ ಬೀಗ ಹಾಕದಿದ್ದರೆ, ಕಿಟಕಿಗಳಿಗೆ ಸರಳು ಹಾಕದಿದ್ದರೆ ಬಿಸಿಯೂಟದ ಅಕ್ಕಿ, ಪಾತ್ರೆ, ಸಿಲಿಂಡರ್‌ಗಳು ಉಳಿಯುವುದಿಲ್ಲ ಎಂಬುದು. ಈ ಆಕ್ಷೇಪಣೆ ನಿರಾಧಾರವಾದುದಲ್ಲ. ಆದರೆ ಕಳ್ಳತನದ ಭಯ ಇರುವುದು ಕಟ್ಟಡದಲ್ಲಿ ಜನರಿಲ್ಲದಿರುವಾಗ. ಬೆಂಕಿಯಿಂದ ಪ್ರಾಣಾಪಾಯ ಇರುವುದು ಜನರಿರುವಾಗ. ಎರಡಕ್ಕೂ ವೇಳೆ ಬೇರೆಯಾದುದರಿಂದ ಎರಡನ್ನೂ ಒಟ್ಟಿಗೆ ನಿರ್ವಹಿಸಬಹುದು. ಜನರು ಒಳಗಿರುವಷ್ಟು ಹೊತ್ತು ಯಾವ ನಿರ್ಗಮನಕ್ಕೂ ಬೀಗ ಇರಬಾರದು; ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯುವ ಚಿಲಕ ಮಾತ್ರ ಇರಬೇಕು. ಪ್ರತಿ ಕೊಠಡಿಯ ಒಂದು ಕಿಟಕಿಯ ಗ್ರಿಲ್ಲನ್ನಾದರೂ ಒಳಗಿನಿಂದ ತೆರೆಯುವಂತೆ ಕೀಲು ಹಾಕಿ ಕೂರಿಸಬಹುದು. ಬೆಳಿಗ್ಗೆ ಬೀಗ ತೆಗೆಯುವವರು ಯಾರು ಎಂಬುದನ್ನು ಹುದ್ದೆ ಸಹಿತ ಬರೆದಿಡಬೇಕು. ಎಲ್ಲರ ಕೆಲಸವೆಂದು ಬಿಟ್ಟದ್ದು ಯಾರ ಕೆಲಸವೂ ಆಗುವುದಿಲ್ಲ.

ಹೊಗೆ ಮತ್ತು ಅಡುಗೆ ಅನಿಲ

ಬೆಂಕಿ ಅನಾಹುತಗಳಲ್ಲಿ ಅನೇಕರು ಸುಡುವುದಕ್ಕಿಂತ ಮೊದಲೇ ಹೊಗೆಯಿಂದ ಉಸಿರುಗಟ್ಟುತ್ತಾರೆ. ಬಿಸಿಯಾದ ಹೊಗೆ ಮೇಲೇರಿ ಚಾವಣಿಯಿಂದ ಕೆಳಕ್ಕೆ ತುಂಬುತ್ತಾ ಬರುತ್ತದೆ; ಆದ್ದರಿಂದ ಹೊಗೆ ತುಂಬಿದ ಕೋಣೆಯಿಂದ ಬಗ್ಗಿ ಅಥವಾ ತೆವಳಿ ಹೊರಬರಬೇಕೆಂದು ಮಕ್ಕಳಿಗೆ ಕಲಿಸಬೇಕು. ಅಡುಗೆ ಅನಿಲದ ಸ್ವಭಾವ ಇದಕ್ಕೆ ವಿರುದ್ಧ. ಅದು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಹರಡಿ ತಗ್ಗುಗಳಲ್ಲಿ ನಿಲ್ಲುತ್ತದೆ. ಆದ್ದರಿಂದ ಬಿಸಿಯೂಟದ ಅಡುಗೆ ಕೋಣೆಗೆ ಮೇಲಿನ ಗವಾಕ್ಷಿಯ ಜೊತೆಗೆ ನೆಲಮಟ್ಟದಲ್ಲಿಯೂ ಗಾಳಿಕಿಂಡಿ ಇರಬೇಕು. ಸಿಲಿಂಡರ್ ನೇರವಾಗಿ ನಿಂತಿರಬೇಕು. ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಅನಿಲದ ವಾಸನೆ ಬಂದಾಗ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆಯಬೇಕು. ವಿದ್ಯುತ್ ಸ್ವಿಚ್ಚನ್ನು ಹಾಕುವುದಾಗಲಿ ಆರಿಸುವುದಾಗಲಿ ಸಲ್ಲದು, ಏಕೆಂದರೆ ಎರಡರಲ್ಲಿಯೂ ಕಿಡಿ ಹುಟ್ಟುತ್ತದೆ.

ಹೊತ್ತಿದ ಎಣ್ಣೆಯ ಮೇಲೆ ನೀರು ಸುರಿಯಬಾರದು. ಬಾಣಲೆಯ ಮೇಲೆ ಮುಚ್ಚಳ ಮುಚ್ಚಿ ಒಲೆ ಆರಿಸಬೇಕು. ವಿದ್ಯುತ್ ಹರಿಯುತ್ತಿರುವ ಉಪಕರಣದ ಬೆಂಕಿಗೂ ನೀರು ಸಲ್ಲದು. ಕಾಗದ ಮತ್ತು ಕಟ್ಟಿಗೆ, ಇಂಧನ, ಅನಿಲ ಇವುಗಳ ಬೆಂಕಿಗೆ ಎಬಿಸಿ ಮಾದರಿಯ ಪುಡಿ ಅಗ್ನಿನಂದಕ ಉಪಯುಕ್ತ. ಅದರ ಒತ್ತಡ ಮಾಪಕದ ಮುಳ್ಳು ಹಸಿರು ಭಾಗದಲ್ಲಿರಬೇಕು. ಮುಳ್ಳು ಕೆಂಪು ಭಾಗಕ್ಕೆ ಇಳಿದ ಅಗ್ನಿನಂದಕವು ಗೋಡೆಯ ಅಲಂಕಾರ ಮಾತ್ರ.

ಸದಸ್ಯರ ಪರಿಶೀಲನಾ ಪಟ್ಟಿ

ತಮ್ಮ ವಾರ್ಡಿನ ಪ್ರತಿ ಸಾರ್ವಜನಿಕ ಕಟ್ಟಡದಲ್ಲಿ ಸದಸ್ಯರು ಈ ಕೆಳಗಿನ ಅಂಶಗಳನ್ನು ಖುದ್ದಾಗಿ ನೋಡಬಹುದು.

1. ಎರಡು ಪ್ರತ್ಯೇಕ ನಿರ್ಗಮನಗಳಿವೆಯೇ? ಭೇಟಿಯ ಸಮಯದಲ್ಲಿ ಎರಡೂ ತೆರೆಯುತ್ತವೆಯೇ?
2. ಬಾಗಿಲಿನ ನಿಜವಾದ ತೆರವು ಎಷ್ಟು? ಅಳತೆಪಟ್ಟಿ ಹಿಡಿದು ಅಳೆಯಲಾಗಿದೆಯೇ?
3. ಮೆಟ್ಟಿಲ ಕೆಳಗೆ ಅಥವಾ ಪಡಸಾಲೆಯಲ್ಲಿ ಹಳೆಯ ಬೆಂಚು, ಚೀಲ, ಕಟ್ಟಿಗೆಗಳನ್ನು ಒಟ್ಟಲಾಗಿದೆಯೇ?
4. ಕಟ್ಟಡಕ್ಕೆ ತಾಗಿದಂತೆ ಹುಲ್ಲಿನ ಬಣವೆ ಅಥವಾ ಗರಿಯ ಚಪ್ಪರ ಇದೆಯೇ?
5. ವಿದ್ಯುತ್ ತಂತಿ ಹಾಕಿ ಎಷ್ಟು ವರ್ಷವಾಯಿತು? ಬೇರಾವುದೋ ತಂತಿಯನ್ನು ಫ್ಯೂಸ್ ಆಗಿ ಕಟ್ಟಲಾಗಿದೆಯೇ?
6. ಅಗ್ನಿಶಾಮಕ ವಾಹನವು ಕಟ್ಟಡದವರೆಗೆ ಬರಲು ದಾರಿ ತೆರವಾಗಿದೆಯೇ? ನೀರು ತುಂಬಿಸಿಕೊಳ್ಳುವ ಸ್ಥಳ ಯಾವುದು?
7. ತುರ್ತು ಕರೆ ಸಂಖ್ಯೆಗಳಾದ 101 ಮತ್ತು 112 ಗೋಡೆಯ ಮೇಲೆ ಬರೆಯಲಾಗಿದೆಯೇ?

ಸಭೆಯಲ್ಲಿ ಕೈಗೊಳ್ಳಬಹುದಾದ ಕ್ರಮ

ಪರಿಶೀಲನೆಯ ಫಲಿತಾಂಶವನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಿ, ಕೊರತೆಗಳನ್ನು ಎರಡು ಭಾಗ ಮಾಡುವುದು ಸೂಕ್ತ. ಬೀಗ ತೆಗೆಯುವುದು, ಪಡಸಾಲೆ ತೆರವುಗೊಳಿಸುವುದು, ಬಣವೆ ಸರಿಸುವುದು ಮುಂತಾದ ವೆಚ್ಚವಿಲ್ಲದ ಕೆಲಸಗಳಿಗೆ ಅದೇ ವಾರದ ಗಡುವು ನೀಡಬಹುದು. ಎರಡನೇ ಬಾಗಿಲು, ವಿದ್ಯುತ್ ತಂತಿ ಬದಲಾವಣೆ, ಪ್ರತ್ಯೇಕ ಅಡುಗೆ ಕೋಣೆ ಮುಂತಾದವುಗಳನ್ನು ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕು. ಸಮುದಾಯ ಭವನವನ್ನು ಬಾಡಿಗೆಗೆ ನೀಡುವಾಗ ಜನಸಂಖ್ಯೆಯ ಮಿತಿಯನ್ನೂ, ನಿರ್ಗಮನಗಳನ್ನು ತೆರೆದಿಡುವ ಷರತ್ತನ್ನೂ ಅನುಮತಿ ಪತ್ರದಲ್ಲಿಯೇ ನಮೂದಿಸಬೇಕು. ಜಾತ್ರೆಯ ಶಾಮಿಯಾನಕ್ಕೂ ಇದೇ ಷರತ್ತು ಅನ್ವಯಿಸಬೇಕು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಹಕಾರದೊಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ಶಾಲೆಯಲ್ಲಿ ತೆರವು ಅಭ್ಯಾಸ ನಡೆಸಬೇಕು. ಗಂಟೆ ಬಾರಿಸಿದ ಕ್ಷಣದಿಂದ ಕೊನೆಯ ಮಗು ಮೈದಾನ ತಲುಪುವವರೆಗಿನ ಸಮಯವನ್ನು ಗುರುತು ಹಾಕಿಕೊಂಡು, ಮೈದಾನದಲ್ಲಿ ಹಾಜರಿ ಕರೆಯಬೇಕು. ಮುಂದಿನ ಅಭ್ಯಾಸದಲ್ಲಿ ಆ ಸಮಯ ಕಡಿಮೆಯಾಗಿದೆಯೇ ಎಂಬುದನ್ನು ನೋಡಿ, ಆಗದಿದ್ದಲ್ಲಿ ಯಾವ ಬಾಗಿಲಿನಲ್ಲಿ ಮಕ್ಕಳು ತಡೆದು ನಿಂತರೆಂಬುದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿ ಆ ಬಾಗಿಲನ್ನು ಮೊದಲು ಸರಿಪಡಿಸತಕ್ಕದ್ದು.