ಒಂದೇ ‘ಗಟ್ಟಿ’ಗೆ ಇಂಗ್ಲಿಷಿನಲ್ಲಿ ಎಷ್ಟು ಶಬ್ದ?



ಕನ್ನಡ ವ್ಯಾಕರಣದಲ್ಲಿ ಗುಣವಾಚಕ ಅಂತ ಓದಿದ್ದೇವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್ ಎನ್ನುತ್ತಾರೆ. ಒಂದು ವಸ್ತುವಿನ ಗುಣ, ಬಣ್ಣ, ಗಾತ್ರ ಹೇಳುವ ಶಬ್ದ. ಬರುವ ವರ್ಷ ನಾವು ಎಂಟನೆಯ ತರಗತಿಗೆ ಬೇರೆ ಶಾಲೆಗೆ ಹೋಗಬೇಕು. ಅಲ್ಲಿ ಇಂಗ್ಲಿಷ್ ಮೀಡಿಯಂನಿಂದ ಬಂದವರೂ ಇರುತ್ತಾರೆ. ಬರೀ ಶಬ್ದಾರ್ಥ ಬಾಯಿಪಾಠ ಮಾಡಿಕೊಂಡು ಹೋದರೆ ಅಲ್ಲಿ ಬಾಯಿ ಕಟ್ಟುತ್ತದೆ.

ಯಾಕೆಂದರೆ ನಮ್ಮ ‘ಗಟ್ಟಿ’ ಶಬ್ದವನ್ನೇ ನೋಡಿ. ಗಟ್ಟಿ ಕಲ್ಲು ಎಂದರೆ ಹಾರ್ಡ್. ಗಟ್ಟಿ ಹಗ್ಗ ಸ್ಟ್ರಾಂಗ್. ಗಟ್ಟಿ ಗಂಜಿ ಥಿಕ್. ಗಟ್ಟಿ ಸ್ವರ ಲೌಡ್. ನಮಗೆ ನಾಲ್ಕೂ ಒಂದೇ. ‘ಹಾರ್ಡ್ ವಾಯ್ಸ್’ ಅಂದರೆ ದೊಡ್ಡ ಸ್ವರ ಅಲ್ಲ, ದಯೆ ಇಲ್ಲದ ಸ್ವರ. (ಅರಶಿನ ಎಲೆಯ ಗಟ್ಟಿ ಮಾತ್ರ ನಾಮಪದ. ಅದನ್ನು ಇಲ್ಲಿಗೆ ತರಬೇಡಿ, ಹಸಿವಾಗ್ತದೆ!)

ನಮ್ಮ ಕಡೆಯ ‘ಸಪೂರ’ವೂ ಹಾಗೆಯೇ. ಸಪೂರ ಹುಡುಗ ಥಿನ್, ಆದರೆ ಸಪೂರ ದಾರಿ ನ್ಯಾರೋ. ‘ಉದ್ದ’ ಇನ್ನೂ ಮೋಸ. ಸುವರ್ಣಾ ನದಿ ಲಾಂಗ್, ಉದ್ದ ಮನುಷ್ಯ ಟಾಲ್. ‘ಹಿ ಈಸ್ ಲಾಂಗ್’ ಎಂದರೆ ಅವನನ್ನು ಮಲಗಿಸಿ ಅಳೆದ ಹಾಗೆ ಆಗ್ತದೆ.

ಅವರಿಗೂ ಕನ್ನಡ ಕಷ್ಟವೇ. ಚಹಾವೂ ಹಾಟ್, ಮೀನಿನ ಸಾರೂ ಹಾಟ್. ಬಿಸಿಯೋ ಖಾರವೋ? ನಮ್ಮ ಹತ್ತಿರ ಎರಡು ಶಬ್ದ ಉಂಟು. ಹೊರಗಿನಿಂದ ಬಂದು ಕನ್ನಡ ಕಲಿತ ಜರ್ಮನಿಯ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಅರ್ಥದ ಜೊತೆಗೆ ಗಾದೆ, ಬಳಕೆಯ ಮಾತುಗಳೂ ಉಂಟು. ನಾವೂ ಹಾಗೆಯೇ ಮಾಡುವುದು ಒಳ್ಳೆಯದು ಅಂತ ನನಗೆ ಕಾಣ್ತದೆ. ನೋಟ್ಸಿನಲ್ಲಿ ಬರೀ ‘ಥಿಕ್’ ಅಂತ ಬರೆಯಬೇಡಿ, ‘ಥಿಕ್ ಗಂಜಿ’ ಅಂತ ಬರೆದಿಡಿ. ಒಟ್ಟಿಗೇ ನೆನಪಿರ್ತದೆ.

ಸುಲಭದ ವಿಷಯವೂ ಉಂಟು. ಹಿಂದಿಯಲ್ಲಿ ಅಚ್ಛಾ ಲಡ್ಕಾ, ಅಚ್ಛೀ ಲಡ್ಕೀ ಅಂತ ಬದಲಾಗ್ತದೆ. ಇಂಗ್ಲಿಷಿನಲ್ಲಿ ಕನ್ನಡದ ಹಾಗೆ ಒಂದೇ, ಗುಡ್ ಬಾಯ್, ಗುಡ್ ಗರ್ಲ್ಸ್. ‘ಸ್ವರ ಗಟ್ಟಿ’ ಎಂದರೆ ನಮಗೆ ಪೂರ್ತಿ ವಾಕ್ಯ, ಅವರಿಗೆ ನಡುವೆ ‘ಈಸ್’ ಬೇಕೇ ಬೇಕು. ಹೋಲಿಸುವಾಗ ನಾವು ‘ಗಿಂತ’ ಹಾಕಿದರೆ ಸಾಕು, ‘ಎತ್ತರ’ ಬದಲಾಗುವುದಿಲ್ಲ. ಅವರು ಟಾಲ್ ಅನ್ನು ಟಾಲರ್ ಮಾಡಿ, ಮತ್ತೆ ದ್ಯಾನ್ ಹಾಕುತ್ತಾರೆ. ‘ಮೋರ್ ಟಾಲರ್’ ಎಂದರೆ ಒಂದೇ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ ಹಾಗೆ.

‘ದಪ್ಪ’ ಶಬ್ದವನ್ನು ನಿಮಗಾಗಿ ಬಿಟ್ಟಿದ್ದೇನೆ. ದಪ್ಪ ಪುಸ್ತಕ, ದಪ್ಪ ಬೆಕ್ಕು, ದಪ್ಪ ಅಕ್ಷರ. ಮೂರಕ್ಕೂ ಇಂಗ್ಲಿಷ್ ಶಬ್ದವನ್ನು ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆಯಿರಿ.