ಜೋಡಿ ಕಳೆದುಕೊಂಡ ಎತ್ತು, ಮಾತು ಬಿಟ್ಟ ಅಪ್ಪ

ಪ್ರಶ್ನೆ: ನಮ್ಮದು ದುದ್ದ ಹೋಬಳಿಯ ಒಂದು ಹಳ್ಳಿ. ನಾನು ದಿನಾ ಬಸ್ಸಿನಲ್ಲಿ ಮಂಡ್ಯಕ್ಕೆ ಕೆಲಸಕ್ಕೆ ಹೋಗಿಬರುತ್ತೇನೆ. ಮನೆಯಲ್ಲಿ ಹಳ್ಳಿಕಾರ್ ಜೋಡಿಯಿತ್ತು, ರಾಮ ಮತ್ತು ಭೀಮ. ಇನ್ನೂ ಹಲ್ಲು ಹಾಕದ ಕರುಗಳಾಗಿದ್ದಾಗಲೇ ಅಪ್ಪ ಜಾತ್ರೆಯಿಂದ ತಂದು ಜೊತೆ ಮಾಡಿದ್ದರು. ಒಂಬತ್ತು ವರ್ಷ ಒಂದೇ ನೊಗ. ಕಳೆದ ತಿಂಗಳು ರಾಮನಿಗೆ ಜ್ವರ ಬಂತು, ಮೇವು ಬಿಟ್ಟ, ಉಳಿಯಲಿಲ್ಲ. ಜೆಸಿಬಿ ತರಿಸಿ ಹೊಲದ ಬದಿಯಲ್ಲೇ ಹೂತೆವು. ಆಗ ಭೀಮ ಹಿತ್ತಲಲ್ಲಿದ್ದ, ಅವನಿಗೆ ತೋರಿಸಲೇ ಇಲ್ಲ. ಅಂದಿನಿಂದ ರಸ್ತೆ ಕಡೆ ಮುಖ ಮಾಡಿ ನಿಲ್ಲುತ್ತಾನೆ, ಗಾಡಿ ಸದ್ದು ಕೇಳಿದರೆ ಕೂಗುತ್ತಾನೆ, ಹುಲ್ಲನ್ನು ಅರ್ಧಕ್ಕೇ ಬಿಡುತ್ತಾನೆ. ಅಪ್ಪನೂ ಹಾಗೇ ಆಗಿದ್ದಾರೆ. ರಾತ್ರಿ ಕೊಟ್ಟಿಗೆಯಲ್ಲೇ ಮಲಗುತ್ತಾರೆ. ಮೊನ್ನೆ ‘ನಂದೂ ಮುಗೀತು ಬುಡವ್ವ’ ಅಂದರು. ಅಣ್ಣ ಭೀಮನನ್ನು ಮಾರಿ ಟಿಲ್ಲರ್ ತೆಗೆದುಕೊಳ್ಳೋಣ ಅನ್ನುತ್ತಾನೆ. ಆಫೀಸಿನಲ್ಲಿ ನನಗೆ ಅಳು ಬಂದಾಗ ‘ಎತ್ತು ಸತ್ತಿದ್ದಕ್ಕಾ?’ ಎಂದು ನಕ್ಕರು. ಕುದುರೆ, ಆನೆಗಳಿಗೆ ಅಗಲಿಕೆಯ ನೋವು ಗೊತ್ತಾಗುತ್ತದೆ ಎಂದು ಓದಿದ್ದೇನೆ. ಎತ್ತಿಗೂ ಆಗುತ್ತದಾ? ಅಥವಾ ನಮ್ಮ ದುಃಖವನ್ನೇ ಅದರ ಮೇಲೆ ಹೊರಿಸುತ್ತಿದ್ದೇವಾ?
– ಹೆಸರು ಬೇಡ

ಉತ್ತರ: ನಕ್ಕವರ ಮಾತನ್ನು ಮೊದಲು ಪಕ್ಕಕ್ಕಿಡೋಣ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ ಕಾಡಾನೆ ಹಿಡಿಯಲು ಹೋದ ಅರ್ಜುನ ಸತ್ತ ಸುದ್ದಿ ನಿಮಗೂ ನೆನಪಿರಬಹುದು. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ಅವನ ಮಾವುತ ಅತ್ತದ್ದನ್ನು ಟೀವಿಯಲ್ಲಿ ಕಂಡವರು ಕಣ್ಣೊರೆಸಿಕೊಂಡರೇ ಹೊರತು ನಗಲಿಲ್ಲ. ಅಂಬಾರಿ ಹೊತ್ತವನಿಗಾಗಿ ಅಳಬಹುದು, ನೊಗ ಹೊತ್ತವನಿಗಾಗಿ ಅಳಬಾರದು ಎನ್ನುವ ಲೆಕ್ಕ ನನಗಂತೂ ಅರ್ಥವಾಗುವುದಿಲ್ಲ. ಒಂಬತ್ತು ವರ್ಷ ನಿಮ್ಮ ಮನೆಯ ಕಬ್ಬು, ಭತ್ತ, ಗೊಬ್ಬರ ಎಲ್ಲವನ್ನೂ ಎಳೆದ ಜೀವ ಅದು. ನಿಮಗೆ ಬಂದ ಅಳು ಸರಿಯಾದ ಅಳುವೇ.

ಇನ್ನು ನಿಮ್ಮ ಪ್ರಶ್ನೆ. ಭೀಮನಿಗೆ ಸಾವು ಎಂದರೇನೆಂದು ಗೊತ್ತೇ, ರಾಮ ಇನ್ನು ಬರುವುದಿಲ್ಲ ಎಂದು ತಿಳಿದಿದೆಯೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಜೊತೆ ತಪ್ಪಿದ್ದು ಅವನ ಮೈಗೆ ಗೊತ್ತಾಗಿದೆ, ಅದರಲ್ಲಿ ಅನುಮಾನ ಬೇಡ. ಕುದುರೆಗಳ ವಿಷಯದಲ್ಲಿ ಇದನ್ನು ಹೆಚ್ಚು ನೋಡಿದ್ದಾರೆ. ಗುಂಪಿನಲ್ಲಿ ಎಷ್ಟೇ ಕುದುರೆಗಳಿರಲಿ, ಒಂದೊಂದಕ್ಕೂ ಬೇಕಾದದ್ದು ಒಂದೋ ಎರಡೋ. ಅದರ ಪಕ್ಕದಲ್ಲೇ ಮೇಯುವುದು, ಒಂದರ ಬಾಲ ಇನ್ನೊಂದರ ಮುಖಕ್ಕೆ ಬರುವಂತೆ ನಿಂತು ನೊಣ ಓಡಿಸಿಕೊಳ್ಳುವುದು, ಕತ್ತಿನ ಬುಡವನ್ನು ಹಲ್ಲಿನಿಂದ ಮೆಲ್ಲಗೆ ಕೆರೆದುಕೊಳ್ಳುವುದು. ಫ್ರಾನ್ಸಿನಲ್ಲಿ ಕಾಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕುದುರೆಗಳು ಪರಸ್ಪರ ಕೆರೆದುಕೊಳ್ಳುವ ಆ ಜಾಗವನ್ನೇ ಮನುಷ್ಯರು ಕೈಯಿಂದ ಕೆರೆದಾಗ ಎದೆಬಡಿತ ಇಳಿದದ್ದು ಕಂಡುಬಂತು. ಬೇರೆ ಜಾಗ ಕೆರೆದರೆ ಹಾಗಾಗಲಿಲ್ಲ. ಅಂಥ ಜೊತೆಗಾರ ಕಾಣದಾದಾಗ ಕುದುರೆ ಕೆನೆಯುತ್ತದೆ, ಬೇಲಿಯುದ್ದಕ್ಕೂ ಅಲೆಯುತ್ತದೆ, ಮೇವು ಕಡಿಮೆ ಮಾಡುತ್ತದೆ. ಕುದುರೆ ಸಾಕಿದವರು ಇದನ್ನು ಯಾವ ಅಧ್ಯಯನವೂ ಇಲ್ಲದೆ ಹೇಳುತ್ತಾರೆ.

ದನಗಳೂ ಇದೇ ಬಗೆಯವು. ಅವು ಕೆರೆಯುವುದಿಲ್ಲ, ನೆಕ್ಕುತ್ತವೆ. ರಾಮ ಭೀಮನ ಕತ್ತು, ಕಿವಿ ಹಿಂಭಾಗ ನೆಕ್ಕುತ್ತಿದ್ದದ್ದನ್ನು ನೀವೇ ನೋಡಿರುತ್ತೀರಿ. ಅದೂ ಅಲ್ಲದೆ ಜೋಡೆತ್ತಿನ ನಂಟು ಬರೀ ಸ್ನೇಹದ್ದಲ್ಲ. ಒಂದು ಹೆಜ್ಜೆ ಕಿತ್ತರೆ ಇನ್ನೊಂದು ಕೀಳಬೇಕು. ಹೊಲದ ತುದಿಯಲ್ಲಿ ತಿರುಗುವಾಗ ಒಂದು ನಿಂತಲ್ಲೇ ತಿರುಗಿದರೆ ಇನ್ನೊಂದು ಸುತ್ತು ಹಾಕಬೇಕು. ಆಲೆಮನೆಗೆ ಕಬ್ಬು ಹೊರುವಾಗ ಏರು ಬಂದರೆ ಪಕ್ಕದವನ ಭುಜದ ಒತ್ತಡದಿಂದಲೇ ಎಷ್ಟು ಎಳೆಯಬೇಕೆಂದು ತಿಳಿಯಬೇಕು. ಒಂಬತ್ತು ವರ್ಷದಿಂದ ಭೀಮ ತನ್ನ ದಿನವನ್ನೆಲ್ಲ ಇನ್ನೊಂದು ಮೈಗೆ ಒರಗಿಕೊಂಡೇ ನಡೆಸಿದ್ದಾನೆ. ಈಗ ಒರಗಲು ಹೋದರೆ ಅಲ್ಲಿ ಏನೂ ಇಲ್ಲ. ಅದನ್ನು ದುಃಖ ಎನ್ನಿ, ಗಲಿಬಿಲಿ ಎನ್ನಿ, ಒಂಟಿಯಾದ ಭಯ ಎನ್ನಿ, ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಹಾಗಾಗಿ ನೀವು ಇಲ್ಲದ್ದನ್ನು ಅವನ ಮೇಲೆ ಹೊರಿಸುತ್ತಿಲ್ಲ.

ಆದರೆ ಒಂದು ಕಡೆ ನಾನು ನಿಮ್ಮನ್ನು ತಡೆಯಲೇಬೇಕು. ಕಾಯಿಲೆಯೂ ಹೊರಗಿನಿಂದ ಹೀಗೇ ಕಾಣುತ್ತದೆ. ರಾಮ ಸತ್ತದ್ದು ಜ್ವರದಿಂದ. ಇಬ್ಬರೂ ಒಂದೇ ಕೊಟ್ಟಿಗೆಯಲ್ಲಿದ್ದರು, ಒಂದೇ ಉಣ್ಣೆ ಇಬ್ಬರಿಗೂ ಕಚ್ಚಿರಬಹುದು. ಉಣ್ಣೆಯಿಂದ ಬರುವ ಜ್ವರಗಳು ಕೆಲವೊಮ್ಮೆ ವಾರಗಟ್ಟಲೆ ಒಳಗೇ ಇದ್ದು ಆಮೇಲೆ ಕಾಣಿಸಿಕೊಳ್ಳುತ್ತವೆ. ಮೇವಿನ ಜೊತೆ ತಂತಿ, ಮೊಳೆ ನುಂಗಿದ ದನವೂ ಮಂಕಾಗಿ ಹುಲ್ಲು ಬಿಟ್ಟು ನಿಲ್ಲುತ್ತದೆ. ‘ಜೋಡಿ ಹೋದ ಕೊರಗು, ಸರಿಹೋಗುತ್ತೆ’ ಎಂದುಕೊಂಡು ಕಾದು, ವಾಸಿಯಾಗಬಹುದಾಗಿದ್ದ ಎತ್ತನ್ನು ಕಳೆದುಕೊಳ್ಳುವವರಿದ್ದಾರೆ. ಈ ಪತ್ರಿಕೆ ನಿಮ್ಮ ಕೈ ಸೇರಿದ ದಿನವೇ ಪಶುವೈದ್ಯರಿಗೆ ತೋರಿಸಿ. ರಾಮನ ಜ್ವರದ ವಿಷಯವನ್ನೂ ಹೇಳಿ. ಆಸ್ಪತ್ರೆಗೆ ಹೊಡೆದುಕೊಂಡು ಹೋಗಲು ಆಗದಿದ್ದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ವಾಹನಕ್ಕೆ ಕೇಳಿಕೊಳ್ಳಿ, ಕರೆ ಉಚಿತ. ವೈದ್ಯರು ಬರುವ ಮುಂಚೆ ನೀವು ಗಮನಿಸಿಡಬೇಕಾದದ್ದು ಮೆಲುಕು. ಆರೋಗ್ಯವಾಗಿರುವ ಎತ್ತು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಹುಲ್ಲು ಅರ್ಧ ತಿಂದರೂ ಮಲಗಿ ಮೆಲುಕು ಹಾಕುತ್ತಿದ್ದರೆ ಸ್ವಲ್ಪ ಸಮಾಧಾನ ಪಡಬಹುದು. ಮೆಲುಕು ನಿಂತಿದ್ದರೆ ಸಂಜೆವರೆಗೂ ಕಾಯಬೇಡಿ.

ಅವನಿಗೆ ತೋರಿಸಲಿಲ್ಲವಲ್ಲ ಎಂಬ ಕೊರಗು ನಿಮ್ಮ ಪತ್ರದಲ್ಲಿದೆ. ಇಂಗ್ಲೆಂಡಿನ ಡೆವನ್‌ನಲ್ಲಿ 1969ರಿಂದ ಕತ್ತೆಗಳ ಆಶ್ರಯಧಾಮ ನಡೆಸುತ್ತಿರುವ ಸಂಸ್ಥೆಯೊಂದಿದೆ. ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದನ್ನು ಶವದ ಬಳಿ ಬಿಡಿ, ಮೂಸಿ ನೋಡಿ ತಾನಾಗಿ ದೂರ ಸರಿಯುವವರೆಗೆ ಎಳೆಯಬೇಡಿ ಎಂದು ಅದು ಕತ್ತೆ ಸಾಕಿದವರಿಗೆ ಹೇಳುತ್ತದೆ. ಕುದುರೆ ಸಾಕುವ ಎಷ್ಟೋ ಮಂದಿ ಹೀಗೇ ಮಾಡುತ್ತಾರೆ. ಇದನ್ನು ಓದುತ್ತಿರುವ ಬೇರೆಯವರ ಉಪಯೋಗಕ್ಕೆಂದು ಬರೆದೆ, ನಿಮ್ಮನ್ನು ಚುಚ್ಚಲು ಅಲ್ಲ. ಜ್ವರದಿಂದ ಸತ್ತ ಎತ್ತಿನಿಂದ ಇನ್ನೊಂದನ್ನು ದೂರ ಇಟ್ಟದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಈಗ ಹೂತ ಜಾಗಕ್ಕೆ ಅವನನ್ನು ಕರೆದುಕೊಂಡು ಹೋಗುವುದೆಲ್ಲ ಬೇಡ.

ಕೊಟ್ಟಿಗೆಯಲ್ಲಿ ಮಾಡಬೇಕಾದ ಕೆಲಸ ಸಣ್ಣದು. ಭೀಮ ಒಂಟಿಯಾಗಿ ನಿಲ್ಲಬಾರದು. ಮನೆಯಲ್ಲಿ ಹಸುವೋ ಕಡಸೋ ಇದ್ದರೆ ಅವನಿಗೆ ಕಾಣುವಂತೆ, ಮೂತಿ ಎಟುಕುವಷ್ಟು ಹತ್ತಿರ ಕಟ್ಟಿ. ಇಲ್ಲದಿದ್ದರೆ ಪಕ್ಕದ ಮನೆಯವರ ದನಗಳ ಜೊತೆ ಹಗಲು ಮೇಯಲು ಬಿಡಿ. ಹೊತ್ತಿಗೆ ಸರಿಯಾಗಿ ನೀರು, ಹುಲ್ಲು, ಹಿಂಡಿ, ಹೊತ್ತು ತಪ್ಪಿಸಬೇಡಿ. ಬೆಳಿಗ್ಗೆ ಹೊಲಕ್ಕೆ ಹೋಗುತ್ತಿದ್ದ ಸಮಯಕ್ಕೇ ಹಗ್ಗ ಹಿಡಿದು ಒಂದು ಸುತ್ತು ನಡೆಸಿಕೊಂಡು ಬನ್ನಿ. ಮತ್ತೆ, ಅವನ ಕತ್ತು ಸವರಿ. ಹಸುಗಳು ಒಂದನ್ನೊಂದು ನೆಕ್ಕುವ ಜಾಗದಲ್ಲಿ ಕೈಯಿಂದ ಸವರಿದರೆ ಅವು ಕತ್ತು ನೀಡಿ, ಕಿವಿ ಇಳಿಬಿಟ್ಟು ಹಗುರಾಗುತ್ತವೆ ಎಂದು ಆಸ್ಟ್ರಿಯಾದ ಪಶುವೈದ್ಯ ಸಂಶೋಧಕರು ಗುರುತಿಸಿದ್ದಾರೆ. ಈ ಕೆಲಸವನ್ನು ಅಪ್ಪನಿಗೆ ವಹಿಸಿ. ನೀವು ಮಾಡಬೇಡಿ.

ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಭೀಮನಲ್ಲ, ನಿಮ್ಮ ಅಪ್ಪ.

ಎತ್ತು ಕಟ್ಟುವ ರೈತನಿಗೆ ಜೋಡಿಯಲ್ಲಿ ಒಂದು ಹೋದರೆ ಅರ್ಧ ಆಸ್ತಿ ಹೋದಂತೆ ಎಂದು ಹೊರಗಿನವರು ಲೆಕ್ಕ ಹಾಕಬಹುದು. ಹಾಗಲ್ಲ ಅದು. ಒಂಟಿ ಎತ್ತಿಗೆ ಉಳುಮೆಯಿಲ್ಲ, ಗಾಡಿಯಿಲ್ಲ, ಜಾತ್ರೆಯಲ್ಲಿ ಬೆಲೆಯೂ ಇಲ್ಲ. ಎತ್ತರ, ಬಣ್ಣ, ಕೊಂಬು, ನಡಿಗೆ ಎಲ್ಲ ಕೂಡಿಬರುವ ಇನ್ನೊಂದನ್ನು ಹುಡುಕಬೇಕು, ಅದೂ ಬಾಯಿಗೂಡಿದ ಎತ್ತಿಗೆ. ಸಿಕ್ಕರೂ ಹೆಗಲು ಹೊಂದಲು ತಿಂಗಳುಗಳೇ ಬೇಕು. ತನ್ನ ವಯಸ್ಸಿಗೆ ಇನ್ನೊಂದು ಜೋಡಿ ಮಾಡಲು ಆಗುವುದಿಲ್ಲ ಎಂದು ಅಪ್ಪನಿಗೆ ಅನ್ನಿಸಿರಬಹುದು. ಊರಿನಲ್ಲಿ ಟ್ರ್ಯಾಕ್ಟರು, ಟಿಲ್ಲರುಗಳ ನಡುವೆಯೂ ಜೋಡಿ ಕಟ್ಟಿಕೊಂಡೇ ಇದ್ದವರಿಗೆ ಎತ್ತಿನ ಜೊತೆ ತಮ್ಮ ಹೆಸರೂ, ಬೆಳಗಾದರೆ ಎದ್ದು ಮಾಡುವ ಕೆಲಸವೂ ಹೋಗುತ್ತದೆ. ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ನಮ್ಮ ಕಡೆಯ ಗಂಡಸರಿಗೆ ರೂಢಿಯಿಲ್ಲ. ಕೊಟ್ಟಿಗೆಯಲ್ಲಿ ಮಲಗುವುದು ಗೊತ್ತು.

ಇನ್ನೊಂದು ವಿಷಯ. ಸಾಕುಪ್ರಾಣಿಗಳು ನಮ್ಮನ್ನು ಓದುತ್ತವೆ. ಸಿಟ್ಟಿನ ಮುಖದ ಫೋಟೊ ತೋರಿಸಿದಾಗ ಕುದುರೆಗಳ ಎದೆಬಡಿತ ಬೇಗ ಏರುವುದನ್ನು 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ತೋರಿಸಿದರು. ಭೀಮ ಅಪ್ಪನನ್ನು ನೋಡುತ್ತಿದ್ದಾನೆ, ಅಪ್ಪ ಭೀಮನನ್ನು. ಒಬ್ಬರು ಉಣ್ಣದಿದ್ದರೆ ಇನ್ನೊಬ್ಬರಿಗೂ ಗಂಟಲಲ್ಲಿ ಇಳಿಯದು. ಅದಕ್ಕೇ ಕತ್ತು ಸವರುವ ಕೆಲಸ ಅಪ್ಪನದಾಗಲಿ ಎಂದೆ. ಇಬ್ಬರಿಗೂ ಅದರಿಂದ ಸ್ವಲ್ಪ ಹಗುರಾಗಬಹುದು.

‘ನಂದೂ ಮುಗೀತು’ ಎಂಬ ಮಾತನ್ನು ಮಾತ್ರ ಹಾಗೇ ಬಿಡಬೇಡಿ. ದುಃಖದಲ್ಲಿ ಬಂದ ಮಾತೇ ಇರಬಹುದು, ಹೆಚ್ಚಿನ ಸಲ ಹಾಗೇ ಇರುತ್ತದೆ. ಆದರೂ ಕೇಳಿ. ನೇರವಾಗಿ ಕೇಳಿ: ‘ಅಪ್ಪ, ಜೀವ ಬೇಡ ಅನ್ನಿಸ್ತಾ ಇದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಎಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದವರ ಮುಂದೆ ಮನಸ್ಸು ಬಿಚ್ಚಿಕೊಳ್ಳುತ್ತದೆ. ಎದುರು ಕೂರಿಸಿ ಕೇಳಬೇಡಿ, ಕೊಟ್ಟಿಗೆಯಲ್ಲಿ ಜೊತೆಯಲ್ಲಿ ಹುಲ್ಲು ಹಾಕುತ್ತಾ ಕೇಳಿ. ಹೌದು ಎಂದರೆ ಗಾಬರಿಯಾಗಿ ಬುದ್ಧಿ ಹೇಳಲು ಹೋಗಬೇಡಿ, ಪೂರ್ತಿ ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಡಬೇಡಿ. ಅವರು ಏನೇ ಹೇಳಲಿ, ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳು ಕೊಟ್ಟಿಗೆಯ ಅಟ್ಟದಲ್ಲಿದ್ದರೆ ಇವತ್ತೇ ತೆಗೆದು ಬೇರೆ ಮನೆಯಲ್ಲಿ ಬೀಗ ಹಾಕಿ ಇಡಿ.

ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಹಣವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಮಾತಾಡಲು ಒಪ್ಪದಿದ್ದರೆ ನೀವೇ ಮಾತಾಡಿ, ಹೇಗೆ ನಡೆದುಕೊಳ್ಳಬೇಕೆಂದು ಕೇಳಿ. ಊಟ, ನಿದ್ದೆ ಎರಡೂ ಕೆಟ್ಟು ಎರಡು ವಾರ ದಾಟಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ‘ಹುಚ್ಚಿನ ಡಾಕ್ಟ್ರು’ ಎಂದು ಅಪ್ಪ ಹಿಂಜರಿದರೆ, ನಿದ್ದೆ ಬರುತ್ತಿಲ್ಲವಲ್ಲ ಅದಕ್ಕೆ ಎನ್ನಿ. ಅದು ಸುಳ್ಳೂ ಅಲ್ಲ. ನೀವು ಆಫೀಸಿಗೆ ಹೋಗುವ ಊರೇ ಆದ್ದರಿಂದ ಜೊತೆಯಲ್ಲೇ ಬಸ್ ಹತ್ತಿಸಿಕೊಂಡು ಹೋಗಬಹುದು.

ಅಣ್ಣನ ಮೇಲೆ ಸಿಟ್ಟಿದೆ ನಿಮಗೆ, ಪತ್ರದಲ್ಲಿ ಬರೆಯದಿದ್ದರೂ ಕಾಣುತ್ತದೆ. ಖಾಲಿ ಗೂಟ ನೋಡಲಾಗದೆ ಬೇಗ ಮುಗಿಸಿಬಿಡೋಣ ಅನ್ನುವವರಿರುತ್ತಾರೆ. ಅವನೂ ಆ ಜಾತಿಯವನಿರಬಹುದು, ಕಲ್ಲು ಮನಸ್ಸಿನವನೇ ಆಗಬೇಕಿಲ್ಲ. ಟಿಲ್ಲರ್ ವಿಚಾರವೂ ತಪ್ಪಲ್ಲ, ಮುಂದಿನ ಬೆಳೆಗೆ ನೆಲ ಉಳಲೇಬೇಕು. ಸದ್ಯಕ್ಕೆ ಬಾಡಿಗೆಗೆ ಕರೆಸಿ. ಉಳುಮೆ ಬೇರೆ, ಭೀಮ ಬೇರೆ ಎಂದು ಎರಡನ್ನೂ ಬಿಡಿಸಿ ಇಟ್ಟರೆ ಜಗಳ ಅರ್ಧ ಕಡಿಮೆಯಾಗುತ್ತದೆ. ಮುಂದೆ ಭೀಮನಿಗೆ ಜೊತೆ ಹುಡುಕುವುದೋ, ಒಂಟೆತ್ತು ಬೇಕೆನ್ನುವ ಗುರುತಿನವರ ಮನೆಗೆ ಕೊಡುವುದೋ, ವಯಸ್ಸಾದವನೆಂದು ಹಾಗೇ ಇಟ್ಟುಕೊಳ್ಳುವುದೋ, ಅದನ್ನು ತೀರ್ಮಾನ ಮಾಡುವವರು ಅಪ್ಪ. ಗುರುತಿಲ್ಲದ ದಲ್ಲಾಳಿಗೆ ಹಗ್ಗ ಕೊಡುವುದು ಮಾತ್ರ ಬೇಡ. ಎಲ್ಲಿಗೆ ಹೋದ ಎಂದು ತಿಳಿಯದಿದ್ದರೆ ಅಪ್ಪನಿಗೆ ಇನ್ನೊಂದು ಸಾವು ಕಂಡಂತಾಗುತ್ತದೆ.

ಸಂಕ್ರಾಂತಿ ಹತ್ತಿರ ಬರುತ್ತಿದೆ. ಊರಿನವರೆಲ್ಲ ಜೋಡಿ ಸಿಂಗರಿಸಿ ಕಿಚ್ಚು ಹಾಯಿಸುವಾಗ ಅಪ್ಪ ಎಲ್ಲಿರಬೇಕು, ಭೀಮ ಎಲ್ಲಿರಬೇಕು ಎಂದು ಮುಂಚೆಯೇ ಮಾತಾಡಿಕೊಳ್ಳಿ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚಿಗೆ ಕರೆದೊಯ್ಯದೆ ಮನೆಯಲ್ಲೇ ಪೂಜೆ ಮಾಡಿದರೂ ನಡೆಯುತ್ತದೆ. ಅಪ್ಪನಿಗೆ ಹೋಗಬೇಕೆನಿಸಿದರೆ ಅಣ್ಣ ಜೊತೆಗೆ ಹೋಗಲಿ. ನೀವು ಆ ದಿನ ರಜೆ ಹಾಕಿ. ಮಾರುವ ಮಾತನ್ನು ಹಬ್ಬ ಕಳೆಯುವವರೆಗೆ ಯಾರೂ ಎತ್ತುವುದಿಲ್ಲ ಎಂದು ಈ ಭಾನುವಾರವೇ ಅಣ್ಣನ ಹತ್ತಿರ ಮಾತು ತೆಗೆದುಕೊಳ್ಳಿ, ಆಮೇಲೆ ಅದನ್ನು ಅಪ್ಪನಿಗೆ ಅವನ ಬಾಯಿಂದಲೇ ಹೇಳಿಸಿ.